ಉಳಿದರ್ಧ ಮಾತ್ರೆ

ನಮ್ಮ ಕಡೆ ಯಾವ ಮನೆಗೆ ಹೋದರೂ ಗೋಡೆಗೂಡಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ಯಾವಾಗಲೋ ಯಾರಿಗೋ ಕೊಟ್ಟು ಉಳಿದ ಮಾತ್ರೆಗಳು. ಪಟ್ಟಿಯನ್ನು ಕತ್ತರಿಸಿ ಕತ್ತರಿಸಿ ಹೆಸರೂ ಹೋಗಿರುತ್ತದೆ, ತಾರೀಕೂ ಹೋಗಿರುತ್ತದೆ. ಕೇಳಿದರೆ ಮನೆಯವರು ಪಟಪಟ ಹೇಳುತ್ತಾರೆ, "ಬಿಳೀದು ಜ್ವರಕ್ಕೆ, ಹಳದೀದು ಹೊಟ್ಟೆನೋವ್ಗೆ, ಉದ್ದಕ್ಕಿರೋದು ಮೈಕೈ ನೋವ್ಗೆ."

ನನ್ನ ಹೆಸರು ಭಾನು. ಹನ್ನೊಂದು ವರ್ಷದಿಂದ ಈ ಹಳ್ಳಿಗಳ ನರ್ಸು. ಅಂಥ ಕವರುಗಳನ್ನು ಎಷ್ಟು ನೋಡಿದ್ದೇನೋ ನೆನಪಿಲ್ಲ. ಒಂದು ಮನೆಯಲ್ಲಿ ಮಾತ್ರ ನೋಡಿಯೂ ಅರ್ಧ ಮಾತು ಆಡಿ ಎದ್ದು ಬಂದೆ. ಅದರಿಂದ ಏನಾಯಿತು ಎಂದು ಇವತ್ತು ನಿಮಗೆ ಹೇಳುತ್ತೇನೆ. ಕೇಳುವುದಕ್ಕೆ ಚೆನ್ನಾಗಿರುವುದಿಲ್ಲ. ಆದರೂ ಎದ್ದು ಹೋಗಬೇಡಿ.

ತಳಿಯಿಂದ ಜವಳಗಿರಿಗೆ ಹೋಗುವ ದಾರಿಯಲ್ಲಿ ಚೆನ್ನಕೇಶವನ ಮನೆ. ಊರಿಗೆಲ್ಲ ಅವನು ಕೇಶವಣ್ಣ. ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಗಿಡಕ್ಕೆ ಔಷಧಿ ಹೊಡೆಯುವುದು ಅವನ ಕೆಲಸ. ಹೆಂಡತಿ ವನಿತಾ ಅಲ್ಲೇ ಹೂ ಕೊಯ್ದು ಕಟ್ಟು ಕಟ್ಟುತ್ತಾಳೆ. ಮನೆಯಲ್ಲಿ ಅವನ ತಾಯಿ ಅಂಜಿನಮ್ಮ. ಮಕ್ಕಳು ಇಬ್ಬರು, ದೊಡ್ಡವಳು ಮೇಘಶ್ರೀ, ಚಿಕ್ಕವನು ವೆಂಕಿ. ಇಬ್ಬರಿದ್ದರು ಎನ್ನಬೇಕು.

ಎರಡು ವರ್ಷದ ಹಿಂದೆ ವೆಂಕಿ ಸೀಬೆಮರದಿಂದ ಬಿದ್ದು ಕೈ ಮುರಿದುಕೊಂಡ. ಆಗ ಅವನಿಗೆ ಆರು ವರ್ಷ. ಹೊಸೂರಿಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದರು. ನೋವಿಗೆ ಸಿರಪ್ ಕೊಟ್ಟು, ಇಷ್ಟೇ ಹಾಕಿ, ಇಷ್ಟು ಹೊತ್ತಿಗೊಮ್ಮೆ ಹಾಕಿ, ತಡೆಯದಿದ್ದರೆ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದರು.

ಮಾರನೆಯ ದಿನ ನಾನು ಆ ಮನೆಗೆ ಹೋಗಿದ್ದೆ. ಹೋಗಿದ್ದು ಅಂಜಿನಮ್ಮನ ಬಿ.ಪಿ. ನೋಡುವುದಕ್ಕೆ. ಅವರಿಗೆ ಆ ವರ್ಷ ಸೊಂಟದ ಆಪರೇಷನ್ ಆಗಿತ್ತು. ಗೂಡಿನಲ್ಲಿ ಅವರ ನೋವಿನ ಮಾತ್ರೆಗಳು ಉಳಿದಿದ್ದವು. ಪಟ್ಟಿ ತೆಗೆದು ನೋಡಿದೆ. ಅಫೀಮಿನ ಜಾತಿಗೆ ಸೇರಿದ ಬಲವಾದ ಮಾತ್ರೆ. "ಅಂಜಿನಮ್ಮ, ಇದು ಬೋ ಜೋರು ಮಾತ್ರೆ. ಮಕ್ಳ ಕೈಗೆ ಸಿಗದಂಗೆ ಇಡಿ," ಎಂದೆ. ಅವರು ಹೂಂ ಎಂದು ಇನ್ನೂ ಮೇಲಿನ ಗೂಡಿಗೆ ಇಟ್ಟರು. ದೊಡ್ಡವರ ಕೈಗೆ ಸಿಕ್ಕಿದರೆ ಏನು ಎನ್ನುವುದು ನನಗೆ ಹೊಳೆಯಲಿಲ್ಲ. ಬೇಡದ ಮಾತ್ರೆ ನನಗೆ ಕೊಡಿ ಎಂದು ಕೈ ಚಾಚಿದ್ದರೆ ಆಗುತ್ತಿತ್ತು. ನಾನು ಚಾಚಲಿಲ್ಲ.

ಅದರ ಮಾರನೆಯ ದಿನ ಭಾನುವಾರ. ಕೇಶವಣ್ಣ ಮನೆಯಲ್ಲಿದ್ದ. ಹುಡುಗ ಬೆಳಗಿನಿಂದ ಅತ್ತೂ ಅತ್ತೂ ಗಂಟಲು ಕಟ್ಟಿಕೊಂಡಿದ್ದ. ಸಿರಪ್ ಹಾಕಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಅಳು. ಮಧ್ಯಾಹ್ನ ಊಟವಾದ ಮೇಲೆ ಕೇಶವಣ್ಣ ಮೇಲಿನ ಗೂಡಿನಿಂದ ತಾಯಿಯ ಮಾತ್ರೆ ತೆಗೆದ. ಮಧ್ಯಕ್ಕೆ ಸರಿಯಾಗಿ ಮುರಿದ. ಅರ್ಧವನ್ನು ಬೆಲ್ಲದ ನೀರಿನಲ್ಲಿ ಕರಗಿಸಿ ಮಗನಿಗೆ ಕುಡಿಸಿದ.

"ದೊಡ್ಡ ಗಿಡಕ್ಕೆ ಒಂದು ಮುಚ್ಚಳ, ಎಳೇ ಗಿಡಕ್ಕೆ ಅರ್ಧ ಮುಚ್ಚಳ," ಎಂದು ಆಮೇಲೆ ನನಗೆ ಹೇಳಿದ. "ಹದ್ನೈದು ವರ್ಷದಿಂದ ಹಂಗೇ ಹೊಡ್ಕಂಡು ಬಂದಿವ್ನಿ ನರ್ಸಮ್ಮ. ಒಂದು ಎಲೆ ಸುಟ್ಟಿಲ್ಲ. ಮಗೀಗೂ ಹಂಗೇ ಅಂದ್ಕಂಡುಬುಟ್ಟೆ."

ವೆಂಕಿ ಮಲಗಿದ. ಮೂರು ದಿನದ ಮೇಲೆ ಮಗು ಕಣ್ಣು ಮುಚ್ಚಿತಲ್ಲ ಎಂದು ಮನೆಯವರಿಗೆಲ್ಲ ಸಮಾಧಾನ. ವನಿತಾ ಬಾಗಿಲಿಗೆ ಅಡ್ಡ ಕುಳಿತು, ಟಿ.ವಿ. ಸಣ್ಣಕೆ ಇಡಿ ಎಂದು ಪಕ್ಕದ ಮನೆಯವರಿಗೂ ಹೇಳಿದಳು. ಒಳಗೆ ಗೊರಕೆ ಕೇಳಿಸುತ್ತಿತ್ತು. "ನೋಡ್ದಾ, ನಮ್ಮಪ್ಪನ ತರಾನೇ ಗೊರ್ಕೆ ಹೊಡೀತಾನೆ," ಎಂದು ಅಂಜಿನಮ್ಮ ನಕ್ಕರಂತೆ. ಆ ಗೊರಕೆ ಉಸಿರು ಕಟ್ಟುತ್ತಿರುವ ಸದ್ದು ಎಂದು ಅವರಿಗೆ ಯಾರು ಹೇಳಬೇಕಿತ್ತು? ನಾಲ್ಕು ಗಂಟೆಗೆ ಮೇಘಶ್ರೀ ತಮ್ಮನಿಗೆ ಬನ್ ತಿನ್ನಿಸಲು ಒಳಗೆ ಹೋದಳು. ಅವನ ತುಟಿ ನೀಲಿಯಾಗಿತ್ತು. ಕರೆದಳು, ಅಲ್ಲಾಡಿಸಿದಳು. ಆಟೋದಲ್ಲಿ ತಳಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಅವತ್ತಿನಿಂದ ಆ ಮನೆಯಲ್ಲಿ ಯಾರಿಗೂ ಮಾತ್ರೆ ಇಲ್ಲ. ಅಂಜಿನಮ್ಮ ಬಿ.ಪಿ. ಮಾತ್ರೆಯನ್ನೂ ಬಿಟ್ಟರು. ನಾನು ಬೈದೆ, ಬೇಡಿಕೊಂಡೆ. ಕವರ್ ಪೂರ್ತಿ ಒಲೆಗೆ ಹಾಕಿದೆ ಎಂದ ಕೇಶವಣ್ಣ. ನಾನು ನಂಬಿದೆ.

ಮೇಘಶ್ರೀಗೆ ಈಗ ಒಂಬತ್ತು ವರ್ಷ. ನಾಲ್ಕು ವರ್ಷದವಳಿದ್ದಾಗ ಅವಳ ಎಡಗಾಲು ಮುರಿದು ಸೊಟ್ಟಕ್ಕೆ ಕೂಡಿಕೊಂಡಿತ್ತು. ಬೆಳೆದಂತೆಲ್ಲ ಕುಂಟು ಹೆಚ್ಚಾಯಿತು. ಸ್ಕೂಲಿಗೆ ಹೋಗಿ ಬರುವಷ್ಟರಲ್ಲಿ ಪಾದದ ಕೀಲು ಊದಿಕೊಳ್ಳುತ್ತದೆ. ಮೂಳೆಯನ್ನು ಮತ್ತೆ ಕತ್ತರಿಸಿ ನೇರ ಕೂಡಿಸಬೇಕು, ತಡಮಾಡಿದರೆ ಇನ್ನೂ ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಜೊತೆಗೆ ಬನ್ನಿ ಎಂದು ವನಿತಾ ಕರೆದಳು. ಹೋದೆ.

ಮೂಳೆ ಡಾಕ್ಟರು ರವಿಕುಮಾರ್. ಅವರು ಆಪರೇಷನ್ ಬಗ್ಗೆ ಹೇಳಿ ಮುಗಿಸಿದ ಮೇಲೆ ಇನ್ನೊಂದು ವಿಷಯ ಎತ್ತಿದರು.

"ನೋವಿನ ಔಷಧಿ ಎರಡು ತರ ಇದೆ. ಒಂದು ಅಫೀಮಿನ ಜಾತೀದು. ನೋವು ಚೆನ್ನಾಗಿ ಇಳಿಸುತ್ತೆ, ಆದ್ರೆ ಜಾಸ್ತಿಯಾದ್ರೆ ಉಸಿರನ್ನೇ ನಿಲ್ಲಿಸುತ್ತೆ. ಇನ್ನೊಂದು ಆ ಜಾತಿ ಅಲ್ಲದ್ದು. ಅದರಲ್ಲಿ ಒಂದು ಔಷಧಿ ದೊಡ್ಡವರಿಗೆ ಈಗಾಗಲೇ ಕೊಡ್ತಾ ಇದ್ದೀವಿ. ಮಕ್ಕಳಿಗೆ ಎಷ್ಟು ಕೊಟ್ರೆ ಸಾಕು, ಎಷ್ಟು ದಾಟಿದ್ರೆ ತೊಂದರೆ ಅಂತ ಇನ್ನೂ ಸರಿಯಾಗಿ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳೋಕೆ ಇಲ್ಲಿ ಒಂದು ಪರೀಕ್ಷೆ ನಡೀತಾ ಇದೆ. ನಿಮ್ಮ ಮಗಳು ಸೇರಬಹುದು. ಬೇಡ ಅಂದ್ರೂ ಆಪರೇಷನ್ ಮಾಡ್ತೀವಿ, ಇಷ್ಟೇ ಚೆನ್ನಾಗಿ ನೋಡ್ಕೋತೀವಿ."

ಕೇಶವಣ್ಣನ ಮುಖ ಕಪ್ಪಿಟ್ಟಿತು. "ಸಾರ್, ನಮ್ಮ ಪಾಲಿಹೌಸ್‌ಗೆ ಹೊಸ ಔಷ್ದಿ ಬಂದ್ರೆ ಏನ್ಮಾಡ್ತೀವಿ ಗೊತ್ತಾ? ಮೊದ್ಲು ಕೊನೇ ಸಾಲ್ಗೆ ಹೊಡೀತೀವಿ. ಮೂರು ದಿನ ನೋಡ್ತೀವಿ. ಎಲೆ ಸುಟ್ರೆ ಆ ಸಾಲು ಕಿತ್ತು ಬಿಸಾಕ್ತೀವಿ. ಮಿಕ್ಕಿದ್ ತೋಟ ಉಳೀತಲ್ಲ ಅಂತ ಓನರ್ ಖುಷಿಯಾಗ್ತಾರೆ. ನನ್ನ ಮಗಳು ನಿಮಗೆ ಕೊನೇ ಸಾಲಾ?"

ಡಾಕ್ಟರಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ. "ಕೇಳಬೇಕಾದ ಪ್ರಶ್ನೆನೇ," ಎಂದರು. "ಇಲ್ಲಿ ಯಾವ ಮಗೂನೂ ನೋವಲ್ಲಿ ಬಿಡೋದಿಲ್ಲ. ಈಗ ಕೊಡೋ ನೋವಿನ ಔಷಧಿ ಎಲ್ಲ ಮಕ್ಕಳಿಗೂ ಇದ್ದೇ ಇರುತ್ತೆ. ಅದರ ಜೊತೆಗೆ ಕೆಲವರಿಗೆ ಈ ಹೊಸದು. ಯಾರಿಗೆ ಹೊಸದು ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನ ಆಗುತ್ತೆ, ನಾನೂ ಆರಿಸೋ ಹಾಗಿಲ್ಲ. ಯಾವ ಹೊತ್ತಲ್ಲಿ ಬೇಡ ಅನ್ನಿಸಿದ್ರೂ ನೀವು ಬಿಟ್ಟುಬಿಡಬಹುದು."

"ಅಷ್ಟು ಕೊಟ್ರೂ ನೋವು ತಡೀದಿದ್ರೆ?" ಎಂದ ಕೇಶವಣ್ಣ.

"ತಕ್ಷಣ ಇನ್ನೊಂದು ಔಷಧಿ ಕೊಡ್ತೀವಿ."

"ಯಾವ್ದು?"

ವೆಂಕಿಯ ವಿಷಯ ಡಾಕ್ಟರಿಗೆ ನಾನು ಮೊದಲೇ ಹೇಳಿದ್ದೆ. "ಅಫೀಮಿನ ಜಾತೀದೇ," ಎಂದರು. "ಸುಳ್ಳು ಹೇಳೋದಿಲ್ಲ. ತೂಕ ನೋಡಿ, ಅಳತೆ ಮಾಡಿ, ಬೆರಳಿಗೆ ಕ್ಲಿಪ್ ಹಾಕಿ, ಉಸಿರು ನೋಡ್ತಾ ಕೊಡ್ತೀವಿ. ಅದು ಬೇಕಾಗೋದನ್ನ ಕಡಿಮೆ ಮಾಡೋಕೇ ಈ ಪರೀಕ್ಷೆ."

ಕೇಶವಣ್ಣ ಎದ್ದ. ಮಗಳ ಕೈ ಹಿಡಿದ. "ಆಪ್ರೇಷನ್ನೂ ಬ್ಯಾಡ, ನಿಮ್ಮ ಔಷ್ದಿನೂ ಬ್ಯಾಡ. ಕುಂಟ್ಕಂಡಾದ್ರೂ ಇರ್ತಾಳೆ. ಇರ್ತಾಳಲ್ಲ, ಅಷ್ಟು ಸಾಕು ನಂಗೆ." ಹಾಗೆಂದು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಹಿಂದೆ ಮೇಘಶ್ರೀ ಕುಂಟುತ್ತಾ ಓಡಿದಳು. ನಿಜ ಹೇಳಬೇಕೆಂದರೆ ಅವನ ಜಾಗದಲ್ಲಿದ್ದಿದ್ದರೆ ನಾನೂ ಎದ್ದು ಹೋಗುತ್ತಿದ್ದೆ.

ಒಂದು ವಾರ ಬಿಟ್ಟು ಅವರ ಮನೆಗೆ ಹೋದೆ. ಕೈಯಲ್ಲಿ ಎರಡು ಕಾಗದ ಇದ್ದವು. ಒಂದು, ಪರೀಕ್ಷೆಯ ವಿವರ ಬರೆದ ಕಾಗದ. ನಮ್ಮದು ಗಡಿನಾಡು, ಆಸ್ಪತ್ರೆಯಲ್ಲಿ ತಮಿಳಿನದು ಕೊಟ್ಟಿದ್ದರು. ವನಿತಾ ಓದಿದ್ದು ಕನ್ನಡ ಶಾಲೆಯಲ್ಲಿ, ಅವಳಿಗೆ ಓದಲು ಬರುವ ಕಾಗದ ಬೇಕು ಎಂದು ಡಾಕ್ಟರನ್ನು ಕೇಳಿ ಕನ್ನಡದ್ದು ತರಿಸಿದ್ದೆ. ಇನ್ನೊಂದು, ಮುಖಗಳ ಪಟ್ಟಿ. ಆರು ಮುಖ ಬರೆದಿರುತ್ತಾರೆ. ಮೊದಲನೆಯದು ನಗುತ್ತಿರುತ್ತದೆ, ಕೊನೆಯದು ಅಳುತ್ತಿರುತ್ತದೆ. ಎಷ್ಟು ನೋವು ಎಂದು ಮಕ್ಕಳು ಬೆರಳಿಟ್ಟು ತೋರಿಸಬೇಕು.

ಜಗುಲಿಯ ಮೇಲೆ ಎಲ್ಲರೂ ಇದ್ದರು. ಅಂಜಿನಮ್ಮ ನನ್ನನ್ನು ಕಂಡಕೂಡಲೇ ಶುರು ಮಾಡಿದರು.

"ಬನ್ನಿ ನರ್ಸಮ್ಮ. ಆ ಸೈನ್ ಮಾಡೋ ಕಾಗ್ದ ತಂದಿದ್ರೆ ಹಂಗೇ ಮಡ್ಚಿ ಒಳಗಿಟ್ಕಳಿ. ಒಂದು ಮಗು ಹೋಗ್ಬುಡ್ತು, ಇನ್ನೊಂದ್ನ ನಾವೇ ಕೈಯಾರೆ ಕೊಡ್ಬೇಕಾ?"

"ಸೇರ್ಸಿ ಅಂತ ಹೇಳೋಕೆ ನಾನು ಬಂದಿಲ್ಲ ಅಂಜಿನಮ್ಮ. ಸೈನ್ ಮಾಡೋದು, ಬಿಡೋದು ನಿಮ್ಮಿಷ್ಟ. ಓದಿ ತಿಳ್ಕಂಡು ಬ್ಯಾಡ ಅಂದ್ರೆ ಅದೂ ಸರಿನೇ. ಓದ್ದೆ ಬ್ಯಾಡ ಅನ್ಬ್ಯಾಡಿ, ಅಷ್ಟೇ ನಾನು ಕೇಳೋದು," ಎಂದೆ.

ಆ ಹೊತ್ತಿಗೆ ಮೇಘಶ್ರೀ ಸ್ಕೂಲಿನಿಂದ ಬಂದಳು. ಮೆಟ್ಟಿಲು ಹತ್ತುವಾಗ ಕೆಳತುಟಿ ಕಚ್ಚಿಕೊಂಡಿದ್ದಳು. ಎಡಗಾಲಿನ ಕೀಲು ಊದಿ ಮಿರಮಿರ ಮಿಂಚುತ್ತಿತ್ತು. ಪಕ್ಕದಲ್ಲಿ ಕೂರಿಸಿಕೊಂಡು ಮುಖಗಳ ಪಟ್ಟಿ ತೋರಿಸಿದೆ.

"ಈಗ ಕಾಲು ಎಷ್ಟು ನೋಯ್ತೈತೆ, ತೋರ್ಸಮ್ಮ."

ಅವಳು ತಟಕ್ಕನೆ ನಗುವ ಮುಖದ ಮೇಲೆ ಬೆರಳಿಟ್ಟಳು.

"ನಿಜ ಹೇಳು ಮೇಘ. ತುಟಿ ಕಚ್ಕಂಡು ಬಂದೆ, ನಾನು ನೋಡ್ಲಿಲ್ವಾ?"

ಬೆರಳು ತೆಗೆಯಲಿಲ್ಲ. ಅಪ್ಪನನ್ನು ನೋಡಿದಳು, ಆಮೇಲೆ ಬಾಗಿಲೊಳಗಿಂದ ಕಾಣುವ ಮೇಲಿನ ಗೂಡನ್ನು ನೋಡಿದಳು. ಗೂಡು ಖಾಲಿ. "ನೋಯಲ್ಲ," ಎಂದಳು.

"ನೋಯ್ತೈತೆ ಅಂದ್ರೆ ಯಾರೂ ಬೈಯಲ್ಲ ಕಣಮ್ಮ," ಎಂದಳು ವನಿತಾ.

"ಬೈಯಲ್ಲ. ಮಾತ್ರೆ ಕೊಡ್ತೀರ," ಎಂದಳು ಮೇಘಶ್ರೀ. "ನೋಯ್ತೈತೆ ಅಂದಿದ್ದಕ್ಕೆ ತಾನೇ ವೆಂಕೀಗೆ ಕೊಟ್ಟಿದ್ದು."

ಎರಡು ವರ್ಷದಿಂದ ಆ ಮಗು ಒಂದು ದಿನವೂ ಕಾಲು ನೋವು ಎಂದಿರಲಿಲ್ಲ. ಗಟ್ಟಿ ಹುಡುಗಿ, ತಡೆದುಕೊಳ್ಳುತ್ತಾಳೆ ಎಂದು ನಾವೆಲ್ಲ ಹೊಗಳಿದ್ದೆವು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಅಂಜಿನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು.

ಕೇಶವಣ್ಣ ಎದ್ದು ಒಳಗೆ ಹೋದ. ಬರುವಾಗ ಕೈಯಲ್ಲಿ ಒಂದು ಬೆಂಕಿಪೊಟ್ಟಣ. ನನ್ನ ಮುಂದೆ ಇಟ್ಟು ತೆರೆದ. ಒಳಗೆ ಹತ್ತಿಯ ಮೇಲೆ ಅರ್ಧ ಮಾತ್ರೆ. ಮುರಿದ ಅಂಚು ಹಳದಿಗೆ ತಿರುಗಿತ್ತು.

"ಅವತ್ತಿಂದು," ಎಂದ. "ಎಲ್ಲಾ ಒಲೆಗಾಕ್ದೆ. ಇದೊಂದು ಆಗ್ಲಿಲ್ಲ. ದಿನಾ ಒತ್ತಾರೆ ಕೆಲ್ಸಕ್ಕೋಗೋ ಮುಂಚೆ ತೆಗ್ದು ನೋಡ್ತೀನಿ. ಇಷ್ಟೇ ತಾನೇ ಕೊಟ್ಟಿದ್ದು ಅಂತ ನೋಡ್ತೀನಿ."

ವನಿತಾಗೆ ಆ ಪೊಟ್ಟಣದ ವಿಷಯ ಗೊತ್ತಿರಲಿಲ್ಲ. ಅವಳು ಅದನ್ನು ಮುಟ್ಟಲೂ ಇಲ್ಲ, ಕಣ್ಣು ಕೀಳಲೂ ಇಲ್ಲ.

"ಅರ್ಧ ಕೊಟ್ರೂ ಯಾಕೆ ಹಿಂಗಾಯ್ತು ನರ್ಸಮ್ಮ?" ಎಂದು ಕೇಶವಣ್ಣ ಕೇಳಿದ. ಎರಡು ವರ್ಷದಲ್ಲಿ ಅವನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಮಗೀನ ಮೈ ದೊಡ್ಡೋರ ಮೈನಲ್ಲಿ ಅರ್ಧ ಅಲ್ಲ ಕೇಶವಣ್ಣ," ಎಂದೆ. "ಅದರ ಹೊಟ್ಟೆ, ಲಿವರ್, ಉಸಿರು ಎಲ್ಲಾ ಬೇರೇನೇ. ಅದೇ ಮಾತ್ರೆ ಒಂದು ಮಗೀನ ಮೈಯಾಗೆ ನಿಧಾನಕ್ಕೆ ಕೆಲ್ಸ ಮಾಡ್ತೈತೆ, ಇನ್ನೊಂದು ಮಗೀನ ಮೈಯಾಗೆ ಒಂದೇ ಸಲಕ್ಕೆ ಏರ್ಬುಡ್ತೈತೆ. ನೋಡಿ ಹೇಳೋಕಾಗಲ್ಲ. ಅಂಜಿನಮ್ಮನ ಮಾತ್ರೆ ಸಣ್ಣ ಮಕ್ಳಿಗೆ ಕೊಡ್ಲೇಬಾರ್ದು ಅಂತ ಡಾಕ್ಟ್ರುಗಳಿಗೆ ಗೊತ್ತು. ನನಗೂ ಗೊತ್ತಿತ್ತು. ನಿಮಗೆ ನಾನು ಹೇಳ್ಳಿಲ್ಲ."

ಈ ಮಾತು ಹೇಳಬೇಕೆಂದು ಎರಡು ವರ್ಷದಿಂದ ಒದ್ದಾಡಿದ್ದೆ. ಬೈದರೆ ಬೈಸಿಕೊಳ್ಳೋಣ ಎಂದು ಕುಳಿತೆ. ಅವನು ಬೈಯಲಿಲ್ಲ. ಪೊಟ್ಟಣವನ್ನು ಮುಚ್ಚಿದ.

"ಕೊನೇ ಸಾಲು ಅಂತ ಡಾಕ್ಟ್ರ ಮುಂದೆ ಕೂಗಾಡ್ಬುಟ್ಟೆ," ಎಂದ. "ನಾನೂ ಅವತ್ತು ಪರೀಕ್ಷೆನೇ ಮಾಡಿದ್ದು ನರ್ಸಮ್ಮ. ಅಳತೆ ಗೊತ್ತಿಲ್ದೆ ಕೊಟ್ಟೆ, ಕೊಟ್ಟು ಹೊರಗ್ ಬಂದು ಕುಂತ್ಕಂಡೆ. ಕೊನೇ ಸಾಲ್ನಾದ್ರೂ ಗಂಟೆಗೊಂದ್ಸಲ ಹೋಗಿ ನೋಡ್ತೀವಿ. ನನ್ನ ಮಗನ್ನ ಯಾರೂ ನೋಡ್ಲಿಲ್ಲ."

ಅವತ್ತು ವನಿತಾ ಕಾಗದವನ್ನು ಗಟ್ಟಿಯಾಗಿ ಓದಿದಳು, ಒಂದೊಂದೇ ಸಾಲು. ನಡುನಡುವೆ ಅಂಜಿನಮ್ಮ ನಿಲ್ಲಿಸಿ ನಿಲ್ಲಿಸಿ ಕೇಳಿದರು. ಪರೀಕ್ಷೆಯಿಂದ ಹೆಚ್ಚುಕಮ್ಮಿಯಾದರೆ ಯಾರು ನೋಡುತ್ತಾರೆ? ಖರ್ಚಿಲ್ಲದೆ ಆಸ್ಪತ್ರೆಯವರೇ ನೋಡಬೇಕು, ಪರಿಹಾರವೂ ಉಂಟು ಎಂದು ಬರೆದಿತ್ತು. ಇವರನ್ನು ಕೇಳುವವರು ಯಾರು? ಪರೀಕ್ಷೆ ಸರಿಯಾಗಿದೆಯೇ ಎಂದು ನೋಡುವ ಒಂದು ಸಮಿತಿ ಇರುತ್ತದೆ, ಅದರ ಫೋನ್ ನಂಬರು ಕೊನೆಯ ಹಾಳೆಯಲ್ಲಿತ್ತು. ಅಂಜಿನಮ್ಮ ಅಷ್ಟಕ್ಕೆ ಬಿಡಲಿಲ್ಲ. "ಆ ನಂಬರ್‌ಗೆ ಈಗ್ಲೇ ಮಾಡು, ಯಾರಾದ್ರೂ ಎತ್ತಾರಾ ನೋಡಾನ," ಎಂದರು. ಮಾಡಿದೆವು. ಎತ್ತಿದರು. ಇಷ್ಟೆಲ್ಲ ಆದಮೇಲೂ ಅವರು ಆಯಿತು ಎನ್ನುವುದಕ್ಕೆ ನಾಲ್ಕು ದಿನ ಹಿಡಿಯಿತು.

ಆಸ್ಪತ್ರೆಯಲ್ಲಿ ಅಪ್ಪ ಅಮ್ಮ ಸೈನ್ ಮಾಡಿದ ಮೇಲೆ ಡಾಕ್ಟರು ಮೇಘಶ್ರೀಯನ್ನೂ ಕೇಳಿದರು. ಮಗುವನ್ನೂ ಕೇಳಲೇಬೇಕಂತೆ, ಅದು ನಿಯಮ. ಹೊಸ ಔಷಧಿ ಎಂದರೆ ಏನು, ಸೂಜಿ ಎಷ್ಟು ಸಲ ಎಂದೆಲ್ಲ ಅವಳಿಗೆ ತಿಳಿಯುವ ಹಾಗೆ ಹೇಳಿ, "ನಿನಗೆ ಇಷ್ಟ ಇಲ್ಲ ಅಂದ್ರೆ ಬೇಡ ಪುಟ್ಟಿ. ನಿನಗೇನಾದ್ರೂ ಕೇಳಬೇಕಾ?" ಎಂದರು.

ಅವಳು ಒಂದೇ ಕೇಳಿದಳು. "ನಾನು ಮಲಗಿಬಿಟ್ರೆ ಎಬ್ಬುಸ್ತೀರಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಹತ್ತಿರಾನೇ ಒಬ್ಬರು ಕೂತಿರ್ತಾರೆ. ನಿನ್ನ ಉಸಿರು ನೋಡ್ತಾನೇ ಇರ್ತಾರೆ. ಎಬ್ಬಿಸ್ತೀವಿ," ಎಂದರು. ಅವಳು ಹೂಂ ಎಂದಳು.

ಆಪರೇಷನ್ ಆಯಿತು. ಮಾರನೆಯ ದಿನ ಬೆಳಿಗ್ಗೆ ನಾನು ಹೋದಾಗ ವಾರ್ಡಿನ ನರ್ಸು ಮುಖಗಳ ಪಟ್ಟಿ ಹಿಡಿದು ನಿಂತಿದ್ದಳು. ಮೇಘಶ್ರೀಯ ಬೆರಳು ನಗುವ ಮುಖದ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಸರಿದು ಸರಿದು ಐದನೆಯ ಮುಖಕ್ಕೆ ಬಂತು.

"ಅಪ್ಪಾ, ತುಂಬಾ ನೋಯ್ತೈತೆ," ಎಂದು ಜೋರಾಗಿ ಅತ್ತಳು.

ನರ್ಸು ಹೊತ್ತು ಬರೆದುಕೊಂಡು ಡಾಕ್ಟರನ್ನು ಕರೆದಳು. ಕೊಡಬೇಕಾದ್ದನ್ನು ಕೊಟ್ಟರು. ಮಗು ಕಣ್ಣು ಮುಚ್ಚಿತು. ಕೇಶವಣ್ಣ ಬೆರಳಿನ ಕ್ಲಿಪ್‌ನಿಂದ ಬರುವ ಅಂಕಿಯನ್ನೇ ನೋಡುತ್ತಾ, ಮಗಳ ಎದೆಯ ಮೇಲೆ ಅಂಗೈಯಿಟ್ಟುಕೊಂಡು ನಿಂತುಬಿಟ್ಟ. ಕಾಫಿ ತಂದರೂ ಕುಡಿಯಲಿಲ್ಲ. ಎರಡು ಗಂಟೆ ಆದಮೇಲೆ ಅವಳು ತಾನಾಗಿ ಕಣ್ಣು ಬಿಟ್ಟು, "ಹಸಿವಾಯ್ತೈತೆ," ಎಂದಳು. ವನಿತಾ ಹೊರಗೆ ಹೋಗಿ ವರಾಂಡದ ಕಂಬ ಹಿಡಿದುಕೊಂಡು ಅತ್ತಳು. ವೆಂಕಿ ಹೋದ ದಿನವೂ ಅವಳು ಹಾಗೆ ಅತ್ತಿದ್ದನ್ನು ನಾನು ಕಾಣೆ.

ಇದು ಗೆದ್ದ ಕಥೆ ಎಂದು ತಿಳಿಯಬೇಡಿ. ಅವಳಿಗೆ ಸಿಕ್ಕಿದ್ದು ಹೊಸ ಔಷಧಿಯೋ ಅಲ್ಲವೋ ನಮಗೆ ಇನ್ನೂ ಗೊತ್ತಿಲ್ಲ. ಎರಡು ಸಲ ವಾಂತಿಯಾಯಿತು. ಅದನ್ನೂ ಬರೆದುಕೊಂಡಿದ್ದಾರೆ. ಆ ಔಷಧಿ ಮಕ್ಕಳಿಗೆ ಒಳ್ಳೆಯದು ಎಂದಾದರೂ ಗೊತ್ತಾಗುತ್ತದೆ, ಬೇಡ ಎಂದಾದರೂ ಗೊತ್ತಾಗುತ್ತದೆ. ಈಗ ಅವಳು ಕೋಲು ಹಿಡಿದು ನಡೆಯುತ್ತಾಳೆ. ನೋವಾದರೆ ನೋವು ಎನ್ನುತ್ತಾಳೆ. ಅಂಜಿನಮ್ಮ ಬಿ.ಪಿ. ಮಾತ್ರೆ ಮತ್ತೆ ತೆಗೆದುಕೊಳ್ಳುತ್ತಿದ್ದಾರೆ. ವೆಂಕಿಯ ಚಡ್ಡಿ ಅಂಗಿ ಇನ್ನೂ ಹಗ್ಗದ ಮೇಲೇ ಇವೆ. ಯಾರೂ ತೆಗೆದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಮಾತಿಗೆ ಬರೋಣ. ದೊಡ್ಡವರ ಮಾತ್ರೆಯನ್ನು ಮುರಿದು ಮಕ್ಕಳಿಗೆ ಕೊಡಬೇಡಿ. ಅರ್ಧ ಬೇಡ, ಕಾಲು ಬೇಡ, ಚೂರೂ ಬೇಡ. ಮಗುವಿಗೆ ಕೊಟ್ಟ ಔಷಧಿಯಲ್ಲಿ ನೋವು ಇಳಿಯದಿದ್ದರೆ ನನಗೆ ಫೋನ್ ಮಾಡಿ, ಇಲ್ಲವೇ ಆಸ್ಪತ್ರೆಗೆ ಕರೆದೊಯ್ಯಿರಿ. ಔಷಧಿ ಕುಡಿದ ಮಗು ಎಬ್ಬಿಸಿದರೂ ಏಳದಿದ್ದರೆ, ಎಂದೂ ಇಲ್ಲದ ಗೊರಕೆ ಹೊಡೆದರೆ ಮಲಗಲಿ ಎಂದು ಬಿಡಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಮಕ್ಕಳ ಔಷಧಿಯ ಪರೀಕ್ಷೆಗೆ ಸೇರುತ್ತೀರಾ ಎಂದು ಯಾರಾದರೂ ಕೇಳಿದರೆ ಹೆದರಿ ಓಡಬೇಡಿ, ದಾಕ್ಷಿಣ್ಯಕ್ಕೆ ಸೈನೂ ಮಾಡಬೇಡಿ. ನಿಮ್ಮ ಭಾಷೆಯ ಕಾಗದ ಕೇಳಿ. ನೋವು ತಡೆಯದಿದ್ದರೆ ಏನು ಕೊಡುತ್ತೀರಿ, ಮಗುವನ್ನು ಯಾರು ನೋಡುತ್ತಿರುತ್ತಾರೆ ಎಂದು ಕೇಳಿ. ಮಗುವನ್ನೂ ಕೇಳಿ. ಆಮೇಲೆ ಹೂಂ ಎನ್ನಿ, ಇಲ್ಲವೇ ಬೇಡ ಎನ್ನಿ. ಎರಡೂ ನಿಮ್ಮ ಹಕ್ಕು.

ಆಸ್ಪತ್ರೆಯಿಂದ ಬಂದ ದಿನ ಕೇಶವಣ್ಣ ಆ ಬೆಂಕಿಪೊಟ್ಟಣವನ್ನು ನನ್ನ ಕೈಯಲ್ಲಿಟ್ಟ. "ನಾನಿನ್ನು ನೋಡಲ್ಲ. ನೀವು ಮನೆಮನೆಗೆ ಹೋಗ್ತೀರಲ್ಲ, ತೋರ್ಸಿ," ಎಂದ. ಅದು ಈಗ ನನ್ನ ಚೀಲದಲ್ಲೇ ಇದೆ. ಇಗೋ, ನೋಡಿ. ನೋಡಿ ಆಯಿತಲ್ಲ, ಈಗ ಎದ್ದು ಹೋಗಿ ನಿಮ್ಮ ಮನೆಯ ಗೂಡಿನ ಕವರ್ ತನ್ನಿ. ಈ ಸಲ ನಾನು ಕೈ ಚಾಚಿಕೊಂಡೇ ಕುಳಿತಿರುತ್ತೇನೆ.